ಜಂಬಮ್ಮ ಬೇಡಿದ ಆರಡಿ ಮೂರಡಿ

ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಬದುಕಿರುವವರನ್ನು ಕಾಣಲು ಹೊರಗಿನಿಂದ ಯಾರೂ ಬರುವುದಿಲ್ಲ. ಓಟಿನ ಹಂಗಾಮು ಬಿಟ್ಟರೆ ಜೀಪಿನ ಧೂಳು ನೋಡದ ಊರುಗಳೇ ಹೆಚ್ಚು. ಆದರೆ ಮೂರು ಸಾವಿರ ವರ್ಷದ ಹಿಂದೆ ಸತ್ತವರನ್ನು ಕಾಣಲು ಮೈಸೂರಿನಿಂದ ಎರಡು ಜೀಪು ಬಂದವು. ಒಬ್ಬ ಪ್ರೊಫೆಸರು, ಐದು ಜನ ವಿದ್ಯಾರ್ಥಿಗಳು, ಮೂರು ಡೇರೆ, ಒಂದು ಗ್ಯಾಸ್ ಒಲೆ, ಜೊತೆಗೆ ಬಣ್ಣ ಹೊಡೆಯುವ ಬ್ರಶ್ಶುಗಳ ಒಂದು ಪೆಟ್ಟಿಗೆ. ಕಲ್ಲಗುಡಿಹಟ್ಟಿಯ ಜನ ಆ ಬ್ರಶ್ಶು ನೋಡಿ, ಅಂತೂ ಶಾಲೆಗೆ ಬಣ್ಣ ಹೊಡೆಯಲು ಬಂದರಪ್ಪ ಎಂದು ಖುಷಿಪಟ್ಟರು.

ನಾನು ಗುರುಶಾಂತ. ಕೂಡ್ಲಿಗಿಯ ಕಾಲೇಜೊಂದರಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಹದಿನೇಳು ವರ್ಷದಿಂದ ಅತಿಥಿ. ಇಷ್ಟು ವರ್ಷ ಠಿಕಾಣಿ ಹೂಡಿದ ಅತಿಥಿಯನ್ನು ನೀವು ಯಾರ ಮನೆಯಲ್ಲೂ ಕಂಡಿರಲಾರಿರಿ. ಬೃಹತ್ ಶಿಲಾಯುಗದ ಸಮಾಧಿಗಳನ್ನು ಒಂದೂವರೆ ಪುಟದಲ್ಲಿ, ಐದು ಅಂಕದ ಪ್ರಶ್ನೆಗೆ ಸಾಕಾಗುವಷ್ಟು ಕಲಿಸುತ್ತೇನೆ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಪ್ರೊಫೆಸರ್ ಶ್ರೀನಾಥರ ಮಾತು ಊರಿನವರಿಗೆ ತಿಳಿಯದು, ಊರಿನವರ ಮಾತು ಅವರಿಗೆ ತಿಳಿಯದು. ಎರಡೂ ಕನ್ನಡವೇ. ನಡುವೆ ಒಬ್ಬ ಬೇಕೆಂದು ನನ್ನನ್ನು ಕರೆದರು, ಹೋದೆ.

ಅವರು ಅಗೆಯಬೇಕೆಂದಿದ್ದ ಜಾಗಕ್ಕೆ ಊರವರು ಮೋರ್ಯರ ದಿಬ್ಬ ಅನ್ನುತ್ತಾರೆ. ದಿಬ್ಬದ ಮೇಲೆ ಗುಂಡುಕಲ್ಲುಗಳನ್ನು ದುಂಡಗೆ ಜೋಡಿಸಿದ ಏಳೆಂಟು ಸುತ್ತುಗಳಿವೆ. ಮೋರ್ಯರು ಅಂದರೆ ಹಿಂದೆ ಅಲ್ಲಿದ್ದ ಮೂರು ಗೇಣಿನ ಕುಳ್ಳರಂತೆ. ಒಂದು ದಿನ ಬೆಂಕಿ ಮಳೆ ಸುರಿದು ಎಲ್ಲರೂ ಸತ್ತರಂತೆ. ಅಲ್ಲಿ ಗುದ್ದಲಿ ಹಾಕಿದರೆ ರಕ್ತ ಕಾರುತ್ತಾರೆಂದು ಕೂಲಿಗೆ ಒಬ್ಬರೂ ಬರಲಿಲ್ಲ. ಎರಡು ದಿನ ಪ್ರೊಫೆಸರು ತಮ್ಮ ಹಗ್ಗ, ಗೂಟಗಳನ್ನು ತಾವೇ ನೋಡುತ್ತ ಕೂತರು. ಮೂರನೆಯ ದಿನ ಬೆಳಗ್ಗೆ ಒಬ್ಬ ಹೆಂಗಸು ತನ್ನ ಮೈದುನನನ್ನು ಹಿಂದೆ ಹಾಕಿಕೊಂಡು ದಿಬ್ಬ ಹತ್ತಿ ಬಂದಳು.

"ಸತ್ತೋರ ಕಾಟ ನನಗ ಗೊತ್ತಿಲ್ರಿ ಸಾಹೇಬ್ರ, ಇದ್ದೋರ ಕಾಟ ಹೊಟ್ಟಿ ತುಂಬ ಉಂಡೀನಿ. ಎಲ್ಲಿ ತೋಡಬೇಕು ತೋರಸ್ರಿ," ಅಂದಳು.

ಆಕೆ ಜಂಬಮ್ಮ. ಆಧಾರ್ ಕಾರ್ಡಿನ ಪ್ರಕಾರ ಅರವತ್ತೆರಡು ವರ್ಷ, ಹುಟ್ಟಿದ್ದು ಜನವರಿ ಒಂದು. ಇಡೀ ಕಲ್ಲಗುಡಿಹಟ್ಟಿಯೇ ಜನವರಿ ಒಂದರಂದು ಹುಟ್ಟಿದೆ, ಆ ಮಾತು ಬಿಡಿ. ಗಿಡ್ಡ ಆಳು, ದೊಡ್ಡ ಬಾಯಿ, ಹಣೆಗೆ ಮೈಲಾರಲಿಂಗನ ಅರಿಶಿನದ ಭಂಡಾರ. ಪ್ರೊಫೆಸರ ಕಣ್ಣು ಮಾತ್ರ ಆಕೆಯ ಕೈಮೇಲೆ ಬಿತ್ತು. ಎರಡೂ ಕೈ ಬೆರಳಿನಿಂದ ಮೊಣಕೈತನಕ ಬೆಳ್ಳಗೆ, ಅಲ್ಲಿಂದ ಮೇಲೆ ಎರೆಮಣ್ಣಿನ ಕಪ್ಪು.

"ಗ್ಲೌಸ್ ಬೇಡಮ್ಮ, ಬರಿಗೈಲಿ ಕೆಲಸ ಮಾಡಿದ್ರೆ ಮಣ್ಣಿನ ವ್ಯತ್ಯಾಸ ಗೊತ್ತಾಗುತ್ತೆ," ಅಂದರು ಆ ಪುಣ್ಯಾತ್ಮರು.

ನಾನು ನಾಲಿಗೆ ಕಚ್ಚಿಕೊಂಡೆ. ಜಂಬಮ್ಮ ಕೈಗಳನ್ನು ಅವರ ಮೂಗಿನ ಹತ್ತಿರ ಒಯ್ದು ತಿರುಗಿಸಿ ತೋರಿಸಿದಳು. "ಇವು ಬಿಚ್ಚಾಕ ಬರಂಗಿಲ್ರಿ. ದೇವ್ರು ಅಳತಿ ತಗಂಡು ಹೊಲದು ಕೊಟ್ಟಾನ." ಪ್ರೊಫೆಸರ ಮುಖ ಕೆಂಪಗಾಯಿತು. ಆಕೆ ಬಿದ್ದು ಬಿದ್ದು ನಕ್ಕಳು. ಹಿಂದೆ ನಿಂತ ಮೈದುನ ಪಾಲಯ್ಯ ನಗಲಿಲ್ಲ. ಅವನು ನಗುವುದನ್ನು ನಾನು ಆಮೇಲೂ ನೋಡಲಿಲ್ಲ.

ಆಕೆಗಿದ್ದದ್ದು ತೊನ್ನು. ಚಿಗಟೇರಿ ಕಡೆಯಿಂದ ಹದಿನೇಳಕ್ಕೆ ಮದುವೆಯಾಗಿ ಕುರಿ ಕಾಯುವ ಚೌಡಣ್ಣನ ಮನೆಗೆ ಬಂದಾಗ ಮೈಯೆಲ್ಲ ಒಂದೇ ಬಣ್ಣವಿತ್ತು. ಮಗಳು ಮೈಲಮ್ಮ ಹುಟ್ಟಿದ ಮೇಲೆ ಹೆಬ್ಬೆರಳ ಬುಡದಲ್ಲಿ ಜೋಳದ ಕಾಳಿನಷ್ಟು ಬಿಳುಪು ಕಾಣಿಸಿತು. ಹರಪನಹಳ್ಳಿಯ ಡಾಕ್ಟರು ಇದು ಅಂಟುರೋಗವಲ್ಲ, ಇದರಿಂದ ಜೀವಕ್ಕೆ ಏನೂ ಆಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಅವರ ಮಾತನ್ನು ಯಾರೂ ನಂಬಲಿಲ್ಲ. ಯಾರೋ ಸೊಪ್ಪಿನ ರಸ ಹಚ್ಚಿ ಸುಡಿಸಿಕೊಳ್ಳಲು ಹೇಳಿದರು, ಅದನ್ನು ಎಲ್ಲರೂ ನಂಬಿದರು. ಕೈಗೆ ಬೊಬ್ಬೆ ಬಂತು, ಬಿಳುಪು ಮೊಣಕೈತನಕ ಏರಿತು. ಉಜ್ಜಿನಿಗೆ ಹರಕೆ ಹೊತ್ತರು. ಅಷ್ಟಕ್ಕೇ ನಿಂತಿತು. ದೇವರು ನಿಲ್ಲಿಸಿದ ಎಂದು ಅತ್ತೆ ಅಂದರೆ, ಇನ್ನೂ ಸ್ವಲ್ಪ ಮೊದಲೇ ನಿಲ್ಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು ಎಂದು ಜಂಬಮ್ಮ ಕೇಳಿದ್ದಳಂತೆ.

ಪಾಲಯ್ಯನ ಮದುವೆಯ ದಿನದ ಕತೆಯನ್ನು ಆಕೆ ನನಗೆ ಹತ್ತು ಸಲವಾದರೂ ಹೇಳಿದ್ದಾಳೆ. ಅವತ್ತು ಬೆಳಗಿನಿಂದ ಕೂತು ಬಡಿದ ರೊಟ್ಟಿಯನ್ನು ಬೀಗರ ಹೆಂಗಸರು ಮುಟ್ಟದೆ ಬುಟ್ಟಿ ಸಮೇತ ದನದ ಕೊಟ್ಟಿಗೆಯ ಹತ್ತಿರ ಇಟ್ಟರು. ಚೌಡಣ್ಣ ನೋಡಿದ. ಜಗಳ ಮಾಡುವ ಪೈಕಿ ಮನುಷ್ಯನಲ್ಲ ಅವನು. ಚಪ್ಪರದ ನಟ್ಟನಡುವೆ ಬುಟ್ಟಿ ತಂದಿಟ್ಟು, ಪುಂಡಿಪಲ್ಯ ಹಾಕಿಸಿಕೊಂಡು ತಿನ್ನಲು ಕೂತ. ಹನ್ನೊಂದು ರೊಟ್ಟಿ ತಿಂದ. ಮದುಮಗನನ್ನು ಬಿಟ್ಟು ಎಲ್ಲರೂ ಇವನನ್ನೇ ನೋಡಿದರು.

"ಆಮ್ಯಾಲೆ ಎರಡು ದಿನ ಹೊಟ್ಟಿ ಕೆಟ್ಟು ಬೇಲಿ ಸಾಲು ಬಿಟ್ಟು ಬರ್ಲಿಲ್ಲ. ತಂಬಿಗಿ ಹಿಡಕಂಡು ನಾ ಹಿಂದಿಂದ ತಿರುಗೀನಿ," ಅಂತ ಜಂಬಮ್ಮ ಕಣ್ಣೊರೆಸಿಕೊಂಡು ನಗುವಳು. "ಪ್ರೀತಿ ಅಂತಾರಲ್ಲ ಮೇಷ್ಟ್ರ, ಅದು ಇದಾ ಇರಬೇಕು ನೋಡು. ನಾತ ಇರ್ತೈತಿ."

ಆ ಚೌಡಣ್ಣ ಎದೆನೋವಿನಿಂದ ಸತ್ತು ಹದಿನಾಲ್ಕು ವರ್ಷವಾಗಿತ್ತು. ಹೊಲದ ಬದುವಿನ ಬೇವಿನ ಮರದಡಿ ಮಣ್ಣು ಮಾಡಿ ಒಂದು ಕಲ್ಲು ನಿಲ್ಲಿಸಿದ್ದರು. ಕಲ್ಲಿನ ಎಡಕ್ಕೆ ಆರಡಿ ಉದ್ದ, ಮೂರಡಿ ಅಗಲದ ಜಾಗ ಬಿಡಿಸಿದ್ದಳು ಜಂಬಮ್ಮ. ಶೇಂಗಾ ಬಿತ್ತುವಾಗಲೂ ಅಲ್ಲಿ ಕೂರಿಗೆ ಹಾಯಿಸಲು ಬಿಡುತ್ತಿರಲಿಲ್ಲ. ಅದು ತನ್ನದು ಅನ್ನುತ್ತಿದ್ದಳು. ಪಾಲಯ್ಯ ಅಲ್ಲ ಅನ್ನುತ್ತಿದ್ದ. ಇಬ್ಬರ ನಡುವೆ ಹದಿನಾಲ್ಕು ವರ್ಷದಿಂದ ಇದ್ದ ತಕರಾರು ಇದೊಂದೇ.

ವಿಷಯ ಇಷ್ಟು. ಅವರ ಜನದಲ್ಲಿ ಸತ್ತವರನ್ನು ಮಣ್ಣಿಗಿಡುತ್ತಾರೆ. ತೊನ್ನಿದ್ದವರನ್ನು ಮಾತ್ರ ಸುಡಬೇಕು. ಹೂತರೆ ಆ ಸೀಮೆಗೆ ಮಳೆಯಾಗುವುದಿಲ್ಲ ಎಂಬ ನಂಬಿಕೆ. ಯಾರಾದರೂ ಕದ್ದು ಹೂತಿದ್ದರೆ, ಮಳೆ ಕೈಕೊಟ್ಟ ವರ್ಷ ಊರವರು ಹೋಗಿ ಹೆಣ ಹೊರಗೆ ತೆಗೆದು ಸುಡುತ್ತಾರೆ. ಸುಟ್ಟವರಿಗೆ ಕಲ್ಲಿಲ್ಲ, ಹಬ್ಬದ ದಿನ ಎಡೆ ಇಡಲು ಜಾಗವಿಲ್ಲ. ಜಂಬಮ್ಮನಿಗೆ ಸಾಯುವ ಭಯ ಚೂರೂ ಇರಲಿಲ್ಲ. ಬೂದಿಯಾಗಿ ಎಲ್ಲೋ ಹಾರಿಹೋಗಿ ಚೌಡಣ್ಣನ ಪಕ್ಕ ತಪ್ಪಿಹೋಗುತ್ತದಲ್ಲ, ಆ ಸಂಕಟ ಅವಳನ್ನು ತಿನ್ನುತ್ತಿತ್ತು. "ಅವನ ಸಂಗಾಟ ನಂದು ಜಗಳ ಮುಗದಿಲ್ಲ ಮೇಷ್ಟ್ರ. ಹೇಳದಾ ಕೇಳದಾ ಎದ್ದು ಹೋಗ್ಯಾನ. ಪಕ್ಕಕ್ಕ ಮಲಗಿದ್ರ ಕೇಳಬೌದು," ಅನ್ನುವಳು. ಪಾಲಯ್ಯ ಕಂಬಳಿ ಸರಿಮಾಡಿಕೊಂಡು, "ನಾ ಇರೋತನ ನಿನ್ನ ಮಣ್ಣಿಗಿಡಾಂಗಿಲ್ಲ ಅತ್ತಿಗಿ. ಸುಡತೀನಿ," ಅನ್ನುವನು. ಮೂವತ್ತು ವರ್ಷದಿಂದ ಆಕೆಯ ಕೈ ನೀರು ಕುಡಿದವನಲ್ಲ ಅವನು. ಅವನ ಆ ಮಾತು ಕೇಳಿದಾಗಲೆಲ್ಲ ಅವನ ಕಪಾಳಕ್ಕೆ ಒಂದು ಬಿಗಿಯಬೇಕೆಂದು ನನ್ನ ಕೈ ತುರಿಸುತ್ತಿತ್ತು.

ಅಗೆತ ಶುರುವಾಯಿತು. ಜಂಬಮ್ಮ ರಕ್ತ ಕಾರಲಿಲ್ಲ ಎಂದು ಖಾತ್ರಿಯಾದ ಮೇಲೆ ಇನ್ನೂ ಹತ್ತು ಜನ ಬಂದರು. ಪ್ರೊಫೆಸರು ನಕ್ಷೆ ಹಾಸಿಕೊಂಡು ಲೆಕ್ಕ ಹಾಕಿ ಒಂದು ಕಡೆ ಗೂಟ ಹೊಡೆದರು. ಜಂಬಮ್ಮ ಕುಕ್ಕರುಗಾಲಲ್ಲಿ ಕೂತು ಮಣ್ಣು ಹಿಚುಕಿ ನೋಡಿದಳು. "ಇಲ್ಲಿ ಹಾರಿ ಗುದ್ದಲಿ ಬಿದ್ದಿಲ್ರಿ ಯಾವತ್ತೂ. ಇದು ತಾಯಿ ಮಣ್ಣು. ಅಕಾ, ಅಲ್ಲಿ ಮೆತ್ತಗೈತಿ, ಅಲ್ಲಿ ಯಾರೋ ತೋಡಿ ಮುಚ್ಯಾರ." ಪ್ರೊಫೆಸರು ತಮ್ಮ ನಕ್ಷೆಯ ಜಾಗದಲ್ಲಿ ನಾಲ್ಕು ದಿನ ತೋಡಿಸಿ ಒಂದು ಓತಿಕ್ಯಾತ ಹಿಡಿದರು. ಐದನೆಯ ದಿನ ಜಂಬಮ್ಮ ತೋರಿಸಿದ ಕಡೆ ಕರಣೆ ಹಾಕಿದರು. ಸೊಂಟದಷ್ಟು ಆಳದಲ್ಲಿ ತಲೆ ಉತ್ತರಕ್ಕೆ ಮಾಡಿ ಮಲಗಿದ ಇಡೀ ಅಸ್ಥಿಪಂಜರ ಸಿಕ್ಕಿತು. ತಲೆಯ ಹತ್ತಿರ ಕಪ್ಪು ಕೆಂಪು ಬಣ್ಣದ ನಾಲ್ಕು ಗಡಿಗೆ, ಸೊಂಟದ ಹತ್ತಿರ ತುಕ್ಕು ಹಿಡಿದ ಕತ್ತಿ.

ಊರಿಗೆ ಊರೇ ನೋಡಲು ಬಂತು. ಟೇಪು ಹಿಡಿದು ಅಳೆದರೆ ಐದಡಿ ಏಳಂಗುಲ. ಮೂರು ಗೇಣಿನ ಮೋರ್ಯನನ್ನು ನೋಡಲು ಬಂದವರಿಗೆ ಮೋಸವಾದಂತಾಯಿತು. ಇದು ಇವರೇ ಎಲ್ಲಿಂದಲೋ ತಂದಿಟ್ಟದ್ದು ಎಂದು ಗೊಣಗುತ್ತ ಹೋದರು. ಜಂಬಮ್ಮ ಅದಕ್ಕೆ ಉದ್ದನಪ್ಪ ಎಂದು ಹೆಸರಿಟ್ಟಳು. ಬೆಳಗ್ಗೆ ಬಂದ ಕೂಡಲೇ ಮೇಲಿನ ತಾಡಪಲ್ಲು ಸರಿಸಿ, "ಎದ್ದಿಯೇನಪ ಉದ್ದನಪ್ಪ?" ಎಂದು ಕೇಳಿ ಬ್ರಶ್ಶು ಹಿಡಿಯುವಳು. ನಾನು ಒಂದೂವರೆ ಪುಟದಲ್ಲಿ ಕಲಿಸುವ ಯುಗವನ್ನು ಆಕೆ ಒಂದು ವಾರದಲ್ಲಿ ಮನೆಯವನನ್ನಾಗಿ ಮಾಡಿಕೊಂಡಿದ್ದಳು.

ಇನ್ನೂ ಹತ್ತು ದಿನಕ್ಕೆ, ಅದೇ ಕಲ್ಲಿನ ಸುತ್ತಿನೊಳಗೆ, ಉದ್ದನಪ್ಪನ ಎಡಗೈಯಿಂದ ಎರಡು ಮೊಳದಾಚೆ ಒಂದು ದೊಡ್ಡ ಗಡಿಗೆ ಸಿಕ್ಕಿತು. ಒಳಗೆ ಬೂದಿ, ಇದ್ದಲು, ಸುಟ್ಟು ಚೂರಾದ ಎಲುಬು. ಪ್ರೊಫೆಸರು ಕುಣಿಯುವುದೊಂದು ಬಾಕಿ. "ಒಂದೇ ವೃತ್ತ! ಹೂತದ್ದೂ ಇದೆ, ಸುಟ್ಟದ್ದೂ ಇದೆ!"

ಜಂಬಮ್ಮ ಗಡಿಗೆಯೊಳಗೆ ಬಗ್ಗಿ ನೋಡಿದಳು. ಆಮೇಲೆ ಕೇಳಿದಳು. "ಅವನ್ನ ಹಂಗಾ ಮಲಗಿಸ್ಯಾರ. ಇದನ್ಯಾಕ ಸುಟ್ಟಾರ ಸಾಹೇಬ್ರ?"

"ಗೊತ್ತಿಲ್ಲಮ್ಮ. ಬೇರೆ ಪದ್ಧತಿಯವರಿರಬಹುದು, ಬೇರೆ ಕಾಲದ್ದೂ ಇರಬಹುದು."

"ತೊನ್ನು ಇತ್ತೇನು?"

"ಎಲುಬಿನಲ್ಲಿ ಅದು ಗೊತ್ತಾಗಲ್ಲ. ತೊನ್ನು ಚರ್ಮದ್ದು, ಚರ್ಮದ ಜೊತೆಗೇ ಹೋಗಿಬಿಡುತ್ತೆ."

"ಅಂದ್ರ ಮಣ್ಣಾಗ ಇಟ್ಟು ನಾಕು ವರ್ಸ ಆದಮ್ಯಾಲೆ ನನಗೂ ಪಾಲಯ್ಯಗೂ ಏನೂ ಫರಕ್ ಇರಾಂಗಿಲ್ಲ?"

"ಇರಲ್ಲಮ್ಮ."

"ಇದನ್ನ ಬರದು ಕೊಡ್ರಿ."

ಪ್ರೊಫೆಸರು ನನ್ನ ಮುಖ ನೋಡಿದರು. ನಾನು ಅವರ ಲೆಟರ್‌ಹೆಡ್ಡು ತಂದು ಮುಂದಿಟ್ಟೆ. ಅವರು ಕನ್ನಡಕ ಏರಿಸಿ, 'ಚರ್ಮದ ವರ್ಣದೋಷವು ಅಸ್ಥಿಯಲ್ಲಿ ಉಳಿಯುವುದಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ' ಎಂದು ಬರೆದು ಸೀಲು ಒತ್ತಿದರು. ಆಕೆ ಅದನ್ನು ಕೂಡ್ಲಿಗಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದಳು. ಮರುದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಪಾಲಯ್ಯನ ಮುಂದೆ ಹಿಡಿದಳು. ನಾನೇ ಗಟ್ಟಿಯಾಗಿ ಓದಿದೆ.

ಪಾಲಯ್ಯ ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಮಳಿಗಿ ಓದಾಕ ಬರ್ತೈತೇನು ಅತ್ತಿಗಿ?" ಅಂದ.

ನನಗೆ ಮೈ ಉರಿದುಹೋಯಿತು. ಜಂಬಮ್ಮ ಸರ್ಟಿಫಿಕೇಟನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಜೂನ್ ಬಂತು. ರೋಹಿಣಿ ಮಳೆ ಇಲ್ಲ, ಮಿರ್ಗವೂ ಒಣಗಿಯೇ ಹೋಯಿತು. ಬೀಜ ಮನೆಯಲ್ಲಿ, ಮೋಡ ಹಡಗಲಿ ಕಡೆ. ಇಂಥ ಹೊತ್ತಿನಲ್ಲಿ ಜನಕ್ಕೆ ತಲೆ ಓಡುವುದಿಲ್ಲ, ಕಾಲು ಓಡುತ್ತದೆ. ಒಂದು ಬೆಳಗ್ಗೆ ಶಿವಶಂಕರ ಮೂವತ್ತು ನಲವತ್ತು ಜನರನ್ನು ಕಟ್ಟಿಕೊಂಡು ದಿಬ್ಬಕ್ಕೆ ಬಂದ. ಅವನು ಪಂಚಾಯ್ತಿಯ ಮಾಜಿ ಮೆಂಬರು, ಊರಿನಲ್ಲಿ ಗೊಬ್ಬರದಂಗಡಿ ಇಟ್ಟವನು. ಕೆಟ್ಟವನಲ್ಲ, ಗೊಬ್ಬರ ಹೋಗದೆ ಕಂಗಾಲಾದವನು. ಕೈಯಲ್ಲಿ ನೀರಿನ ಬಾಟಲಿ, ಅದರಲ್ಲಿ ಪೆಟ್ರೋಲು. ಉದ್ದನಪ್ಪನನ್ನು ಸುಡಬೇಕಂತೆ. ಅವನಿಗೆ ತೊನ್ನು ಇದ್ದಿರಬೇಕಂತೆ. ಅದಕ್ಕೇ ಮಳೆ ಹೋಗಿದೆಯಂತೆ.

ಪ್ರೊಫೆಸರು ಎರಡೂ ಕೈ ಅಡ್ಡ ಹಿಡಿದು ರಾಷ್ಟ್ರೀಯ ಸಂಪತ್ತು, ಇಂಗಾಲದ ಕಾಲಗಣನೆ ಎಂದು ಏನೇನೋ ಹೇಳಿದರು. ಅದನ್ನು ಊರ ಭಾಷೆಗೆ ತಿರುಗಿಸುವ ಧೈರ್ಯ ನನಗಾಗಲಿಲ್ಲ. ಅಷ್ಟರಲ್ಲಿ ಜಂಬಮ್ಮ ಗುಂಡಿಯೊಳಗೆ ಇಳಿದು ಉದ್ದನಪ್ಪನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಬಿಳಿ ಕೈಯನ್ನು ಅವನ ಬುರುಡೆಯ ಮೇಲಿಟ್ಟಿದ್ದಳು. ಮುಟ್ಟಬೇಡಿ, ಮುಟ್ಟಬೇಡಿ ಎಂದು ಪ್ರೊಫೆಸರು ಕಿರುಚಿದರು. ಪೆಟ್ರೋಲಿಗಿಂತ ಅವರಿಗೆ ಅದೇ ದೊಡ್ಡ ಅನಾಹುತವಾಗಿತ್ತು.

"ಜಂಬತ್ತಿ, ಮ್ಯಾಲೆ ಬಾ," ಅಂದ ಶಿವಶಂಕರ.

"ಬರ್ತೀನಿ ತಡಿಯಪ. ಇವಾ ಮಲಗಿ ಮೂರು ಸಾವಿರ ವರ್ಸ ಆಗೈತಂತ. ಅವತ್ತಿಂದ ಇವತ್ತಿನತನ ನಿಮ್ಮಪ್ಪ, ನಿಮ್ಮಜ್ಜ, ನಿಮ್ಮ ಮುತ್ತಜ್ಜ ಇಲ್ಲೇ ಬಿತ್ತಿ ಉಂಡಿಲ್ಲೇನು? ಅವ್ರ ಹೊಲಕ್ಕ ಮಳಿ ಯಾರು ಕೊಟ್ರು? ಪಂಚಾಯ್ತಿಂದ ಟ್ಯಾಂಕರ್ ಬರ್ತಿತ್ತೇನು?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಶಿವಶಂಕರ ಸೋಲಲಿಲ್ಲ. "ಅವಾಗ ಮಣ್ಣಾಗ ಇತ್ತು. ಈಗ ಹೊರಗ ತಗದಾರ, ಅದಕ್ಕ ಹಿಂಗ."

"ಮಣ್ಣಾಗಿದ್ರೂ ಮಳಿ ಹೋಕೈತಿ, ಹೊರಗ ತಗದ್ರೂ ಮಳಿ ಹೋಕೈತಿ. ಹಂಗಾದ್ರ ಮಳಿ ಹೋಗೋದು ಮೊದ್ಲು, ಹೆಣ ಹುಡುಕೋದು ಆಮ್ಯಾಲೆ ಅಂದಂಗಾತು. ಬಾ, ಇಳದು ಬಾ. ಎಲ್ಲೈತಿ ತೊನ್ನು, ತೋರ್ಸು. ಎಲುಬು ನೋಡು, ಬೆಳ್ಳಗದಾವ. ನಿನ್ನವೂ ಬೆಳ್ಳಗ ಅದಾವ. ಒಳಗ ಎಲ್ಲಾರಿಗೂ ತೊನ್ನು ಐತಪ. ನನಗ ಸ್ವಲ್ಪ ಹೊರಗ ಬಂದೈತಿ, ಅಷ್ಟಾ."

ನಿಜ ಹೇಳಬೇಕೆಂದರೆ ಉದ್ದನಪ್ಪನ ಎಲುಬು ಹಳೇ ಬೆಲ್ಲದ ಬಣ್ಣದ್ದು. ನಾನು ತಿದ್ದಲು ಹೋಗಲಿಲ್ಲ. ಜನ ನಗಲು ಶುರು ಮಾಡಿದರು. ನಗುವ ಜನರ ನಡುವೆ ನಿಂತು ಹೆಣ ಸುಡುವುದು ಕಷ್ಟ. ಶಿವಶಂಕರ ಪೆಟ್ರೋಲನ್ನು ತನ್ನ ಬೈಕಿಗೇ ಹಾಕಿಕೊಂಡ. ಆ ಸಂಜೆ ಊರ ಮಕ್ಕಳ ತಲೆಮೇಲೆ ಮಳೆ ಕರೆಯುವ ಗುರ್ಜಿ ಹೊರಿಸಿ ಮನೆಮನೆಗೆ ಹೋಗಿ ನೀರು ಹಾಕಿಸಿಕೊಂಡರು. ಕುಡಿಯಲು ಇದ್ದ ನೀರಿನಲ್ಲಿ ಅರ್ಧ ಅದಕ್ಕೇ ಖರ್ಚಾಯಿತು.

ಜನ ಹೋಗಿ, ಪ್ರೊಫೆಸರೂ ವಿದ್ಯಾರ್ಥಿಗಳೂ ಡೇರೆ ಸೇರಿದ ಮೇಲೆ ಗುಂಡಿಯ ದಂಡೆಯಲ್ಲಿ ಮೂವರೇ ಉಳಿದೆವು: ಜಂಬಮ್ಮ, ಪಾಲಯ್ಯ, ನಾನು. ಗೆದ್ದ ಖುಷಿಯಲ್ಲಿ ಆಕೆ, "ಈಗ ಹೇಳಲೇ ಪಾಲಯ್ಯ. ನನ್ನ ಜಾಗ ನನಗ ಕೊಡತೀಯೋ ಇಲ್ಲೋ?" ಅಂದಳು.

ಪಾಲಯ್ಯ ಆಕೆಯನ್ನು ನೋಡದೆ ಉದ್ದನಪ್ಪನ ಕಡೆ ನೋಡಿ ಮಾತಾಡಿದ.

"ನಂಗ ಹತ್ತೊಂಬತ್ತು ವರ್ಸ ಇರಬೇಕು, ನೀ ಇನ್ನಾ ನಮ್ಮನಿಗೆ ಬಂದಿರ್ಲಿಲ್ಲ. ಮಳಿ ಹೋಗಿತ್ತು. ಕೆಳಗಿನ ಹಟ್ಟಿ ಮುದುಕಿ ಒಬ್ಬಾಕಿ ಇದ್ಲು, ತೊನ್ನು ಇತ್ತು, ಮಕ್ಳು ಹೇಳದಂಗ ಮಣ್ಣು ಮಾಡಿದ್ರು. ತಗದು ಸುಡ್ರಿ ಅಂತ ಹಿರೇರು ನಾಕು ಮಂದೀನ ಕಳಿಸಿದ್ರು. ಅದರಾಗ ನಾನೂ ಒಬ್ಬ. ಮೂರು ತಿಂಗಳಾಗಿತ್ತು. ಇಲ್ಲಿ ಸಾಹೇಬ್ರು ಕುಂಚ ಹಿಡದು ಊದಿ ಊದಿ ತಗೀತಾರ. ನಾವು ಹಾರಿಲೆ ಎಬ್ಬಿಸಿದ್ವಿ. ಕೈಯಾಗ ಬಳಿ ಇದ್ದವು ಆಕಿಗೆ. ಅವು ಒಡದ ಸಪ್ಪಳ ಇನ್ನೂ ಕಿವ್ಯಾಗ ಐತಿ."

ಜಂಬಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಒಂದು ತಿಂಗಳ ಅನ್ನ ಸೇರಲಿಲ್ಲ ನಂಗ. ನಿನ್ನ ಸುಟ್ಟುಬಿಟ್ರ ತಗಿಯಾಕ ಏನೂ ಇರಾಂಗಿಲ್ಲ ಅತ್ತಿಗಿ. ಅದಕ್ಕ ಅಂದೆ. ನೀ ತಿಳಕಂಡಿದ್ದು ಬ್ಯಾರೆ."

ಅವನ ಕಪಾಳಕ್ಕೆ ಬಿಗಿಯಬೇಕೆಂದಿದ್ದ ಕೈಯನ್ನು ನಾನು ಜೇಬಿಗೆ ಹಾಕಿಕೊಂಡೆ. ಇತಿಹಾಸದ ಮೇಷ್ಟರಂತೆ ನಾನು! ಪಕ್ಕದಲ್ಲಿ ಕೂತವನ ನಲವತ್ತೈದು ವರ್ಷದ ಇತಿಹಾಸ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ಮಳಿ ಬಂತೇನು ಅವಾಗ?" ಜಂಬಮ್ಮ ಮೆತ್ತಗೆ ಕೇಳಿದಳು.

"ಎರಡು ತಿಂಗಳಿಗೆ ಬಂತು."

"ಎರಡು ತಿಂಗಳಿಗೆ ಸುಡದಿದ್ರೂ ಬರ್ತಿತ್ತಲೇ." ಆಕೆ ಮೂಗು ಸೀಟಿದಳು. ಅತ್ತಳೋ ಏನೋ, ಮುಖಕ್ಕೆ ಮಣ್ಣು ಮೆತ್ತಿಕೊಂಡಿದ್ದರಿಂದ ಗೊತ್ತಾಗಲಿಲ್ಲ. "ಹಂಗಾದ್ರ ಒಂದು ಮಾಡು. ನನ್ನ ಮಣ್ಣಿಗಿಟ್ಟು ನೀ ಕಾವಲು ಕಾಯಿ. ಹುಟ್ಟಿದಾಗಿಂದ ಕುರಿ ಕಾದೋನು, ನನ್ನೊಬ್ಬಾಕೀನ ಕಾಯಾಕ ಆಗಂಗಿಲ್ಲೇನು? ಕುರಿ ಆದ್ರ ಓಡಾಡ್ತಾವ. ನಾ ಎಲ್ಲಿಗಿ ಹೋಗ್ಲಿ, ಬಿದ್ದಕಂಡಿರ್ತೀನಿ."

ಪಾಲಯ್ಯ ಎದ್ದು ಪುಟ್ಟಿ ಎತ್ತಿಕೊಂಡ.

ಆರಿದ್ರ ಮಳೆ ಅಷ್ಟಿಷ್ಟು ಬಿತ್ತು. ಪ್ರೊಫೆಸರು ಉದ್ದನಪ್ಪನನ್ನೂ ಬೂದಿಯ ಗಡಿಗೆಯನ್ನೂ ಹತ್ತಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮೈಸೂರಿಗೆ ಹೊರಟರು. ಜಂಬಮ್ಮ ಜೀಪಿನ ಕಿಟಕಿಗೆ ಬಾಯಿ ಹಚ್ಚಿ, "ಇಬ್ಬರನ್ನೂ ಒಂದಾ ಕ್ವಾಣ್ಯಾಗ ಇಡ್ರಿ ಮತ್ತ," ಎಂದು ತಾಕೀತು ಮಾಡಿದಳು.

ಕಾರ್ತೀಕ ಕಳೆದು ಚಳಿ ಬಿದ್ದಾಗ ಆಕೆಗೆ ಜ್ವರ ಬಂತು, ಕಫ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದಳು. ಕೊಟ್ಟೂರಿನಿಂದ ಮಗಳು ಮೈಲಮ್ಮ ಬಂದಿದ್ದಳು. ನಾನು ನೋಡಲು ಹೋದಾಗ ಜಂಬಮ್ಮ ಗ್ಲೂಕೋಸ್ ಸೂಜಿ ಚುಚ್ಚಿದ ಕೈ ತೋರಿಸಿ, "ಬೆಳ್ಳನ ಕೈಯಾಗ ನರ ಲಗೂನ ಸಿಗ್ತಾವಂತ ನರ್ಸಮ್ಮ ಖುಷಿ ಆದ್ಲು ಮೇಷ್ಟ್ರ," ಅಂದಳು. ಮರುದಿನ ಬೆಳಗ್ಗೆ ಹೋಗಿಬಿಟ್ಟಳು.

ನಾನು ಕಲ್ಲಗುಡಿಹಟ್ಟಿ ಮುಟ್ಟುವ ಹೊತ್ತಿಗೆ ಶಿವಶಂಕರನ ಟ್ರ್ಯಾಕ್ಟರು ಸುಡುಗಾಡಿನಲ್ಲಿ ಕಟ್ಟಿಗೆ ಇಳಿಸಿಯಾಗಿತ್ತು. ಊರಿಗೆ ಊರೇ ಅಲ್ಲಿ ಕಾಯುತ್ತಿತ್ತು. ಹೆಣ ಮಾತ್ರ ಬರಲಿಲ್ಲ. ನಾನು ಹೊಲಕ್ಕೆ ಓಡಿದೆ. ಬೇವಿನ ಮರದಡಿ, ಚೌಡಣ್ಣನ ಕಲ್ಲಿನ ಎಡಕ್ಕೆ, ಪಾಲಯ್ಯ ಕುಣಿ ತೋಡಿ ಮುಗಿಸಿದ್ದ. ಆರಡಿ, ಮೂರಡಿ. ದಿಬ್ಬದಲ್ಲಿ ಕಲಿತದ್ದು ಕೈಗೆ ಹತ್ತಿತ್ತೋ ಏನೋ, ನಾಲ್ಕೂ ಮೂಲೆ ಅಚ್ಚುಕಟ್ಟಾಗಿ, ಗೋಡೆಗಳು ಕರಣೆಯಲ್ಲಿ ಕೆತ್ತಿದ ಹಾಗೆ ನೇರವಾಗಿದ್ದವು. ಪ್ರೊಫೆಸರು ನೋಡಿದ್ದರೆ ಫೋಟೋ ತೆಗೆಯುತ್ತಿದ್ದರು.

ಜಂಬಮ್ಮನನ್ನು ಕಂಬಳಿಯ ಮೇಲೆ ಮಲಗಿಸಿದ್ದರು. ಮೈಲಮ್ಮ ತಾಯಿಯ ಹಣೆಗೆ ಭಂಡಾರ ಹಚ್ಚಿ ಹಿಂದೆ ಸರಿದಳು. ಪಾಲಯ್ಯ ಮುಂದೆ ಬಂದು ಮಂಡಿಯೂರಿದ. ಚೀಲದಲ್ಲಿದ್ದ ಭಂಡಾರವನ್ನೆಲ್ಲ ಅಂಗೈಗೆ ಸುರಿದುಕೊಂಡು, ಆಕೆಯ ಬಲಗೈ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿಯಿಂದ ಮೊಣಕೈತನಕ ತಿಕ್ಕಿ ತಿಕ್ಕಿ ಹಚ್ಚಿದ. ಆಮೇಲೆ ಎಡಗೈ. ಮೂವತ್ತು ವರ್ಷ ಯಾವ ಕೈಯಿಂದ ನೀರು ಇಸಿದುಕೊಂಡಿರಲಿಲ್ಲವೋ ಆ ಎರಡೂ ಕೈ ಹಿಡಿದು ಅವನು ಹುಡುಗನ ಹಾಗೆ ಅತ್ತ. ನಾನೂ ಅತ್ತೆ. ನನಗೆ ಅದರಲ್ಲಿ ನಾಚಿಕೆ ಏನಿಲ್ಲ.

ಅಷ್ಟರಲ್ಲಿ ಶಿವಶಂಕರ ಏದುಸಿರು ಬಿಡುತ್ತ ಬಂದ. "ಪಾಲಯ್ಯ, ಏನ್ ಮಾಡಾಕ ಹತ್ತೀಯಲೇ? ತೊನ್ನಿನ ಹೆಣ ಅದು."

ಪಾಲಯ್ಯ ಕೂತಲ್ಲಿಂದಲೇ ತಲೆ ಎತ್ತಿದ. ಬೆರಳ ತುದಿಯಿಂದ ಮೊಣಕೈತನಕ ಜಂಬಮ್ಮನ ಎರಡೂ ಕೈ ಅರಿಶಿನದ ಬಣ್ಣವಾಗಿದ್ದವು. "ಎಲ್ಲೈತಿ ತೋರ್ಸು," ಅಂದ.

ತೋರಿಸಬೇಕೆಂದರೆ ಮೈಲಾರಲಿಂಗನ ಭಂಡಾರ ಒರೆಸಬೇಕು. ಆ ಧೈರ್ಯ ಮಾಜಿ ಮೆಂಬರಿಗಿರಲಿಲ್ಲ. ನಾಲ್ಕು ಜನ ಹಿಡಿದು ಜಂಬಮ್ಮನನ್ನು ಇಳಿಸಿದರು, ಅದರಲ್ಲಿ ನಾನೊಬ್ಬ. ಮೂರನೆಯ ದಿನದ ಅಡುಗೆಗೆ ಸುಡುಗಾಡಿನಲ್ಲಿ ಬಿದ್ದಿದ್ದ ಅದೇ ಕಟ್ಟಿಗೆ ತಂದರು. ಅನ್ನ, ಸಾರು, ಹೋಳಿಗೆ. ಶಿವಶಂಕರನೂ ಬಂದು ಉಂಡ. ತನ್ನನ್ನು ಸುಡಲು ತಂದ ಸೌದೆಯಲ್ಲಿ ಊರಿಗೆಲ್ಲ ಊಟ ಹಾಕಿಸಿದ ಹೆಂಗಸು ಈ ತಾಲೂಕಿನಲ್ಲಿ ಇನ್ನೊಬ್ಬಳಿದ್ದರೆ ಹೇಳಿ.

ಈ ವರ್ಷ ಮತ್ತೆ ಮಿರ್ಗ ಕೈಕೊಟ್ಟಿತು. ಪಾಲಯ್ಯ ಕಂಬಳಿ, ತಂಬಿಗೆ, ಕುರಿ ಕಾಯುವ ಕೋಲು ಹಿಡಿದು ಬೇವಿನ ಮರದಡಿಗೆ ಬಂದು ಕೂತ. ಹನ್ನೆರಡನೆಯ ದಿನ ಶಿವಶಂಕರ ನಾಲ್ಕು ಜನರ ಕೈಗೆ ಹಾರೆ ಕೊಟ್ಟು ಕರೆತಂದ. ಪಾಲಯ್ಯ ಕೋಲು ಎತ್ತಲಿಲ್ಲ, ಬೈಯಲೂ ಇಲ್ಲ. ಮಣ್ಣಿನ ಗುಡ್ಡೆಯ ಮೇಲೆ ಕಂಬಳಿ ಹಾಸಿ ಅಂಗಾತ ಮಲಗಿ, "ಮೊದ್ಲು ನನ್ನ ತೋಡ್ರಿ," ಅಂದ. ಹಾರೆ ಹಿಡಿದವರು ಬಿಸಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಒಬ್ಬ ಅವನ ಹತ್ತಿರವೇ ತಂಬಾಕು ಕೇಳಿ ಇಸಿದುಕೊಂಡ. ಆಮೇಲೆ ಎಲ್ಲರೂ ಮನೆಗೆ ಹೋದರು.

ಆ ಭಾನುವಾರ ನಾನು ಅವನನ್ನು ಕಾಣಲು ಹೋದೆ. ಆಕಾಶ ಹಾಗೇ ಬೋಳಾಗಿತ್ತು. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಪಕ್ಕದಲ್ಲಿ ಕೂರಿಸಿಕೊಂಡು, ಬಹಳ ದಿನದಿಂದ ಕೇಳಬೇಕೆಂದಿದ್ದವನ ಹಾಗೆ ಕೇಳಿದ. "ಸರ, ನೀವು ಓದಿದೋರು. ಎಲುಬು ಮಣ್ಣಾಗ ಎಷ್ಟು ವರ್ಸ ಇರ್ತಾವ?"

"ದಿಬ್ಬದಾಗ ನೀನಾ ನೋಡಿದಿಯಲ್ಲ ಪಾಲಯ್ಯ. ಮೂರು ಸಾವಿರ ವರ್ಷ ಆದ್ರೂ ಇರ್ತಾವ."

ಅವನು ಮೂರು ಸಾವಿರವನ್ನು ಮನಸ್ಸಿನಲ್ಲೇ ಮಡಚಿ ಬಿಚ್ಚಿ ನೋಡಿದ.

"ಅಷ್ಟು ದಿನ ಕಾಯೋದು ಕಷ್ಟ ಆಕೈತ್ರಿ ಸರ," ಅಂದ. ಆಮೇಲೆ ಕಂಬಳಿಯ ಮೇಲಿನ ಬೇವಿನೆಲೆ ಕೊಡವಿ, "ಈ ಮಳಿಗಾಲದ್ದು ಮೊದ್ಲು ನೋಡ್ತೀನಿ," ಅಂದ.